ಉಪ್ಪು ಹೋದಲ್ಲಿ ನೀರು: ಮಿಡಿ ಜಾಡಿಯಿಂದ ಓಆರ್‌ಎಸ್ ಲೋಟದವರೆಗೆ

ಎರಡು ವರ್ಷದ ಹಿಂದಿನ ಏಪ್ರಿಲ್. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕುವ ಗಡಿಬಿಡಿ. ಅದೇ ದಿನ ತಮ್ಮನ ನಾಲ್ಕು ವರ್ಷದ ಮಗನಿಗೆ ಭೇದಿ ಶುರುವಾಯಿತು. ಮೆಡಿಕಲ್ ಶಾಪಿಗೆ ಹೋಗಿ ‘ಓಆರ್‌ಎಸ್ ಕೊಡಿ’ ಎಂದೆ. ಭೇದಿಯಲ್ಲಿ ಹೋದ ನೀರು, ಉಪ್ಪು ಭರ್ತಿ ಮಾಡಲು ಕುಡಿಸುವ ದ್ರಾವಣ ಅದು. ಹಣ್ಣಿನ ಚಿತ್ರವಿದ್ದ ರಟ್ಟಿನ ಪೊಟ್ಟಣ ಕೊಟ್ಟರು, ಸ್ಟ್ರಾ ಸಮೇತ. ಸಿಹಿಯಾಗಿತ್ತು. ಮಗು ಖುಷಿಯಿಂದ ಕುಡಿಯಿತು. ಎರಡು ಪೊಟ್ಟಣ ಖಾಲಿಯಾಯಿತು, ಭೇದಿ ಮಾತ್ರ ಇನ್ನೂ ಜಾಸ್ತಿ ಆಯಿತು. ಸಂಜೆ ಹೊತ್ತಿಗೆ ಅಳುವಾಗ ಕಣ್ಣಲ್ಲಿ ನೀರೇ ಬರುತ್ತಿರಲಿಲ್ಲ.

ಊರಿನ ನರ್ಸ್ ಬಂದವರೇ ಆ ಪೊಟ್ಟಣ ಎತ್ತಿಡಿಸಿದರು. ಚೀಲದಿಂದ ಪುಡಿಯ ಪ್ಯಾಕೆಟ್ ತೆಗೆದು, ಒಂದು ಲೀಟರ್ ನೀರಿಗೆ ಪೂರ್ತಿ ಸುರಿದು ಕದಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದರು. ರಾತ್ರಿ ಮಗು ಮೂತ್ರ ಮಾಡಿತು. ಭೇದಿ ಮರುದಿನವೂ ಇತ್ತು, ಆದರೆ ಮಗುವಿನ ಮುಖದಲ್ಲಿ ಕಳೆ ಬಂದಿತ್ತು.

2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಂದು ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಸಿಹಿ ಪಾನೀಯಗಳು ತಮ್ಮ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸುವಂತಿಲ್ಲ ಎಂದಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಸುದ್ದಿ ಓದಿದ ಮೇಲೆ ನನ್ನನ್ನು ಎಷ್ಟೋ ಜನ ಕೇಳಿದರು: ಎರಡರಲ್ಲೂ ಇರುವುದು ನೀರು, ಸಕ್ಕರೆ, ಉಪ್ಪೇ ಅಲ್ವಾ? ಅಳತೆ ಸ್ವಲ್ಪ ಆಚೀಚೆ ಆದರೆ ಏನಾಗುತ್ತದೆ?

ತುಂಬಾ ಆಗುತ್ತದೆ. ಯಾಕೆ ಎಂದು ತಿಳಿಯಲು ಆ ದಿನ ಅಡುಗೆಮನೆಯ ಮೂಲೆಯಲ್ಲಿದ್ದ ಮಿಡಿ ಜಾಡಿಯಿಂದಲೇ ಶುರು ಮಾಡಬಹುದು.

ಜಾಡಿಯೊಳಗೆ ನೀರು ಎಲ್ಲಿಂದ ಬಂತು?

ಮಿಡಿ ಹಾಕುವವರಿಗೆ ಇದು ಗೊತ್ತು. ತೊಟ್ಟು ಮುರಿಯದಂತೆ ಕೊಯ್ದ ಮಿಡಿಯನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತಾ ಹೋಗುತ್ತೇವೆ. ‘ಒಂದು ಹನಿ ನೀರು ತಾಗಿದ್ರೂ ಕೆಡ್ತದೆ ಮಾರಾಯ್ತಿ’ ಎಂದು ನಮ್ಮ ದೊಡ್ಡಮ್ಮ ಪ್ರತಿ ವರ್ಷ ಹೇಳುತ್ತಾರೆ. ಆದರೆ ಎರಡು-ಮೂರು ದಿನ ಕಳೆದು ಮುಚ್ಚಳ ತೆಗೆದರೆ ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪಿನ ಹರಳು ಕರಗಿರುತ್ತದೆ. ಗಟ್ಟಿಯಾಗಿ ಉರುಟಾಗಿದ್ದ ಮಿಡಿ ಸುಕ್ಕುಗಟ್ಟಿ, ಬೆರಳಲ್ಲಿ ಒತ್ತಿದರೆ ಮೆತ್ತಗಾಗಿರುತ್ತದೆ.

ಯಾರೂ ನೀರು ಹಾಕಿಲ್ಲ. ಅದು ಮಿಡಿಯೊಳಗಿನ ನೀರೇ. ಸಿಪ್ಪೆ ಒಡೆದಿಲ್ಲ, ತೂತು ಮಾಡಿಲ್ಲ, ಆದರೂ ನೀರು ಹೊರಗೆ ಬಂದಿದೆ. ಕೋಸಂಬರಿಗೆ ಉಪ್ಪನ್ನು ಕೊನೆಯಲ್ಲಿ ಹಾಕುವುದೂ ಇದೇ ಕಾರಣಕ್ಕೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಪಾತ್ರೆಯಲ್ಲಿ ತೇಲುತ್ತದೆ.

ಹಾಗೆಯೇ ತಿರುಗುಮುರುಗು ಮಾಡಿ ನೋಡಿ. ಒಣದ್ರಾಕ್ಷಿಯನ್ನು ಬರೀ ನೀರಲ್ಲಿ ನೆನೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಮಿಡಿಯಲ್ಲಿ ನೀರು ಹೊರಗೆ ಹೋಯಿತು, ದ್ರಾಕ್ಷಿಯಲ್ಲಿ ಒಳಗೆ ಬಂತು. ಎರಡು ಸಲವೂ ನೀರು ಹೋದದ್ದು ಕರಗಿದ ಉಪ್ಪು ಅಥವಾ ಸಕ್ಕರೆ ಹೆಚ್ಚಿದ್ದ ಕಡೆಗೆ. ಇದಕ್ಕೆ ಹೆಸರು ಅಭಿಸರಣೆ. ಕಾಲೇಜಿನಲ್ಲಿ ಆಸ್ಮಾಸಿಸ್ ಎಂದು ಓದಿರುತ್ತೇವೆ.

ತಡಮೆ ದಾಟುವವರು, ದಾಟಲಾರದವರು

ನಮ್ಮ ದೇಹವಾಗಲಿ, ಮಿಡಿಯಾಗಲಿ, ಅಡಿಕೆ ಮರವಾಗಲಿ, ಎಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿಂದ ಆದದ್ದು. ಈ ಚೀಲವೇ ಜೀವಕೋಶ. ಒಳಗೆ ನೀರು, ನೀರಿನಲ್ಲಿ ಕರಗಿದ ಉಪ್ಪು, ಸಕ್ಕರೆ, ಪ್ರೋಟೀನು. ಸುತ್ತಲೂ ತೆಳುವಾದ ಒಂದು ಪೊರೆ. ಅದು ಎಣ್ಣೆಯಂಥ ಪದಾರ್ಥದಿಂದ ಆದ ಎರಡು ಪದರಗಳ ಪೊರೆ. ನೀರು ಅದನ್ನು ದಾಟಬಲ್ಲದು. ಉಪ್ಪು, ಸಕ್ಕರೆ ಸುಲಭವಾಗಿ ದಾಟಲಾರವು.

ಮಲೆನಾಡಿನ ಬೇಲಿಗಳಲ್ಲಿ ತಡಮೆ ಇರುತ್ತದಲ್ಲ, ಹಾಗೆ. ಮನುಷ್ಯರು ಮೈ ತಿರುಗಿಸಿ ದಾಟಿಬಿಡುತ್ತೇವೆ, ದನ ದಾಟಲಾರದು. ಈಗ ಬೇಲಿಯ ಎರಡೂ ಕಡೆ ಮಕ್ಕಳು ಸುಮ್ನೆ ಅತ್ತಿತ್ತ ಓಡಾಡುತ್ತಿದ್ದಾರೆ ಎಂದುಕೊಳ್ಳಿ. ಒಂದು ಕಡೆ ಮಾತ್ರ ದನಗಳೂ ಇವೆ. ದನವಿಲ್ಲದ ಕಡೆಯ ಮಕ್ಕಳು ಆಟ ಆಡುತ್ತಾ ತಡಮೆಗೆ ಬಂದು ಆಚೆ ಹೋಗುತ್ತಾರೆ. ದನ ಇರುವ ಕಡೆ ದನಗಳೇ ಜಾಗ ಹಿಡಿದಿವೆ, ಕೆಲವು ಮಕ್ಕಳು ದನದ ಕುತ್ತಿಗೆ ಹಿಡಿದು ನಿಂತಿದ್ದಾರೆ. ಅಲ್ಲಿಂದ ತಡಮೆಗೆ ಬರುವ ಮಕ್ಕಳು ಕಡಿಮೆ. ಹೋಗುವವರು ಜಾಸ್ತಿ, ಬರುವವರು ಕಡಿಮೆ. ಸ್ವಲ್ಪ ಹೊತ್ತಿಗೆ ದನ ಇರುವ ಕಡೆಯಲ್ಲೇ ಮಕ್ಕಳು ಹೆಚ್ಚಾಗುತ್ತಾರೆ.

ಮಕ್ಕಳು ನೀರಿನ ಕಣಗಳು. ದನಗಳು ಉಪ್ಪು, ಸಕ್ಕರೆಯ ಕಣಗಳು. ಯಾರೂ ಮಕ್ಕಳನ್ನು ತಳ್ಳಿಲ್ಲ, ಕರೆದಿಲ್ಲ. ನೀರಿನ ಕಣಗಳು ಯಾವಾಗಲೂ ಓಡಾಡುತ್ತಲೇ ಇರುತ್ತವೆ. ಆ ಓಡಾಟದ ಲೆಕ್ಕದಲ್ಲಿ ಒಂದು ಕಡೆಗೆ ತೂಕ ಬೀಳುತ್ತದೆ, ಅಷ್ಟೇ.

ಇದನ್ನು ಮೊದಲು ಗಮನಿಸಿ ಬರೆದಿಟ್ಟವರು ಫ್ರಾನ್ಸಿನ ಪಾದ್ರಿ ಜಾನ್ ಆಂತ್ವಾನ್ ನೊಲೆ, 1748ರಲ್ಲಿ. ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿಟ್ಟಾಗ ಪೊರೆ ಉಬ್ಬಿ ನಿಂತಿತು.

ತೂಕವಲ್ಲ, ತಲೆ ಎಣಿಕೆ

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮುಂದೆ ಓಆರ್‌ಎಸ್ ಅರ್ಥವಾಗುವುದು ಇದರಿಂದಲೇ.

ನೀರನ್ನು ಸೆಳೆಯುವ ಬಲ ಕರಗಿದ ಪದಾರ್ಥದ ತೂಕಕ್ಕೆ ಸೇರಿದ್ದಲ್ಲ, ಕಣಗಳ ಸಂಖ್ಯೆಗೆ ಸೇರಿದ್ದು. ದನ ದಪ್ಪವೋ ಸಣಕಲೋ ಮುಖ್ಯವಲ್ಲ, ಎಷ್ಟಿವೆ ಎಂಬುದೇ ಮುಖ್ಯ. ಉಪ್ಪಿನ ಕಣ ಸಣ್ಣದು. ಮೇಲಾಗಿ ನೀರಿಗೆ ಬಿದ್ದರೆ ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ಸಕ್ಕರೆಯ ಕಣ ದೊಡ್ಡದು, ಒಡೆಯುವುದೂ ಇಲ್ಲ. ಲೆಕ್ಕ ಹಾಕಿದರೆ 1 ಗ್ರಾಂ ಉಪ್ಪು ಸುಮಾರು 12 ಗ್ರಾಂ ಸಕ್ಕರೆಯಷ್ಟು ನೀರು ಸೆಳೆಯುತ್ತದೆ. ಉಪ್ಪಿನಕಾಯಿ ಸ್ವಲ್ಪ ಉಪ್ಪಲ್ಲೇ ಕೆಡದೆ ಉಳಿಯುತ್ತದೆ, ಜಾಮ್ ಮಾಡಲು ಹಣ್ಣಿನಷ್ಟೇ ತೂಕದ ಸಕ್ಕರೆ ಸುರಿಯಬೇಕಾಗುತ್ತದೆ. ಎರಡರಲ್ಲೂ ಕೆಲಸ ಒಂದೇ: ಬೂಷ್ಟು, ಬ್ಯಾಕ್ಟೀರಿಯಾಗಳ ಮೈಯಿಂದ ನೀರು ಎಳೆದು ಅವು ಬೆಳೆಯದಂತೆ ಮಾಡುವುದು.

ಇನ್ನು ಪಿಷ್ಟ, ಅಂದರೆ ಅನ್ನ, ಗಂಜಿಯಲ್ಲಿರುವುದು. ಸಾವಿರಾರು ಗ್ಲೂಕೋಸ್ ಕಣಗಳು ಸರದ ಮಣಿಯಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಮಣಿ ಸಾವಿರ ಇದ್ದರೂ ಸರ ಒಂದೇ. ಎಣಿಕೆಗೆ ಒಂದು ತಲೆ ಮಾತ್ರ. ಇದನ್ನು ನೆನಪಿಡಿ.

ಗೋಡೆ ಇರುವ ಕೋಶ

ನೀರು ಒಳಗೆ ಬರುತ್ತಲೇ ಇದ್ದರೆ ಚೀಲ ಒಡೆಯಬೇಕಲ್ಲ? ಗಿಡಗಳಲ್ಲಿ ಒಡೆಯುವುದಿಲ್ಲ. ಗಿಡದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆ ಇದೆ. ಸೈಕಲ್ ಟ್ಯೂಬಿನ ಮೇಲೆ ಟೈರ್ ಇದ್ದ ಹಾಗೆ. ನೀರು ಒಳನುಗ್ಗಿದಂತೆ ಪೊರೆ ಉಬ್ಬಿ ಗೋಡೆಗೆ ಒತ್ತುತ್ತದೆ, ಗೋಡೆ ತಿರುಗಿ ಒತ್ತುತ್ತದೆ. ಆ ಒತ್ತಡ ಏರುತ್ತಾ ಏರುತ್ತಾ ಒಂದು ಹಂತದಲ್ಲಿ ಒಳಗೆ ಬರುವಷ್ಟೇ ನೀರು ಹೊರಗೂ ಹೋಗತೊಡಗುತ್ತದೆ. ಅಲ್ಲಿಗೆ ಸಮ.

ಈ ಒತ್ತಡ ಸಣ್ಣದಲ್ಲ. ಎಷ್ಟೋ ಗಿಡದ ಕೋಶಗಳಲ್ಲಿ ಇದು ಕಾರಿನ ಟೈರಿನೊಳಗಿನ ಗಾಳಿಯ ಒತ್ತಡದ ಎರಡು-ಮೂರು ಪಟ್ಟು. ಆಗಷ್ಟೇ ಕೊಯ್ದ ಸೌತೆಕಾಯಿ ಕಚ್ಚಿದಾಗ ಕಟುಂ ಎನ್ನುವುದು ಆ ಒತ್ತಡ. ಬಿಸಿಲಲ್ಲಿ ಜೋತುಬಿದ್ದ ಬಸಳೆ ಕುಡಿಯನ್ನು ನೀರಲ್ಲಿ ಇಟ್ಟರೆ ಗಂಟೆಯೊಳಗೆ ತಲೆ ಎತ್ತುವುದೂ ಅದೇ.

ಅಂದರೆ ನೀರನ್ನು ನಡೆಸುವುದು ಎರಡು ವಿಷಯ. ಒಂದು, ಎರಡೂ ಕಡೆ ಕರಗಿರುವ ಕಣಗಳ ವ್ಯತ್ಯಾಸ. ಇನ್ನೊಂದು, ಎರಡೂ ಕಡೆಯ ಒತ್ತಡದ ವ್ಯತ್ಯಾಸ. ಕಣ ನೀರನ್ನು ಸೆಳೆಯುತ್ತದೆ, ಒತ್ತಡ ನೀರನ್ನು ದೂಡುತ್ತದೆ. ಯಾವುದು ಗೆಲ್ಲುತ್ತದೋ ನೀರು ಅದರ ಮಾತು ಕೇಳುತ್ತದೆ. ಈಗ ಪೇಟೆ ಮನೆಗಳಲ್ಲಿರುವ ಆರ್‌ಓ ಫಿಲ್ಟರ್ ಮಾಡುವುದೂ ಇಷ್ಟೇ: ಉಪ್ಪು ಹೆಚ್ಚಿರುವ ಕಡೆ ಮೋಟಾರಿನಿಂದ ಒತ್ತಡ ಹಾಕಿ ನೀರನ್ನು ಉಲ್ಟಾ ನಡೆಸುವುದು.

ತೋಟದಲ್ಲಿ ‘ಗೊಬ್ಬರ ಸುಟ್ಟಿತು’ ಎನ್ನುತ್ತೇವೆ. ಬುಡಕ್ಕೆ ಯೂರಿಯಾ, ಪೊಟ್ಯಾಷ್ ಜಾಸ್ತಿ ಬಿದ್ದು, ಮಣ್ಣಲ್ಲಿ ತೇವ ಕಡಿಮೆ ಇದ್ದರೆ ಎಳೆ ಗಿಡದ ಎಲೆಯ ಅಂಚು ಕರಟಿ ಹೋಗುತ್ತದೆ. ಅಲ್ಲಿ ಬೆಂಕಿ ಇಲ್ಲ. ಗೊಬ್ಬರವೂ ಉಪ್ಪಿನ ಹಾಗೆ ನೀರಲ್ಲಿ ಕರಗಿ ಕಣಗಳಾಗುತ್ತದೆ. ಮಣ್ಣಿನ ನೀರಲ್ಲಿ ಕಣ ಹೆಚ್ಚಾದಾಗ ಬೇರಿಗೆ ನೀರು ಬರುವ ಬದಲು ಬೇರಿನಿಂದಲೇ ನೀರು ಹೊರಗೆ ಹೋಗುತ್ತದೆ. ಮಣ್ಣಲ್ಲಿ ಇರುವಷ್ಟು ನೀರೂ ಸಿಗದೆ ಗಿಡ ಬಾಯಾರುತ್ತದೆ, ಜಾಡಿಯೊಳಗಿನ ಮಿಡಿಯ ಹಾಗೆ.

ಅಡಿಕೆ ಮರದ ಏರು, ಇಳಿವು

ಬಾವಿಯ ದಡದಲ್ಲಿ ಪಂಪು ಇಟ್ಟವರಿಗೆ ಗೊತ್ತು, ನೀರು ಆಳಕ್ಕೆ ಇಳಿದರೆ ಪಂಪು ಎಳೆಯುವುದಿಲ್ಲ. ಎಂಥ ಒಳ್ಳೆ ಪಂಪಾದರೂ ಹೀರಿ ಎತ್ತುವ ಮಿತಿ ಸುಮಾರು 10 ಮೀಟರ್. ವಾತಾವರಣದ ಗಾಳಿ ನೀರನ್ನು ಅಷ್ಟು ಎತ್ತರಕ್ಕೆ ಮಾತ್ರ ದೂಡಬಲ್ಲದು. ಅದಕ್ಕೇ ಪಂಪನ್ನು ಬಾವಿಯೊಳಗೆ ಇಳಿಸುತ್ತೇವೆ. ಆದರೆ ಆ ಬಾವಿಯ ಪಕ್ಕದ ಅಡಿಕೆ ಮರ ಹದಿನೈದು ಮೀಟರ್ ಎತ್ತರದ ಸೋಗೆಗೆ ಸದ್ದಿಲ್ಲದೆ ನೀರು ಏರಿಸುತ್ತದೆ.

ಮರದೊಳಗೆ ಕೂದಲೆಳೆಯಂಥ ಸಪೂರ ಕೊಳವೆಗಳಿವೆ, ಕ್ಸೈಲಂ ಎಂದು ಹೆಸರು. ಅದರಲ್ಲಿ ಬೇರಿನಿಂದ ಎಲೆಯವರೆಗೆ ನೀರು ತುಂಡಾಗದ ದಾರದಂತೆ ನಿಂತಿದೆ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋದಾಗ ದಾರದ ಮೇಲಿನ ತುದಿ ಎಳೆಯಲ್ಪಡುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಇಡೀ ದಾರ ಮೇಲೇರುತ್ತದೆ. ಗಾಳಿ ಕೆಳಗಿನಿಂದ ದೂಡುವುದಲ್ಲ, ನೀರೇ ನೀರನ್ನು ಎಳೆಯುವುದು. ಇದನ್ನು 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ವಿವರಿಸಿದರು. ಈ ಎಳೆತಕ್ಕೆ ಮರ ತನ್ನ ಶಕ್ತಿ ಖರ್ಚು ಮಾಡುವುದಿಲ್ಲ, ಬಿಸಿಲೇ ಮಾಡುತ್ತದೆ.

ಹಾಗಾದರೆ ಮಳೆಗಾಲದ ರಾತ್ರಿ? ಗಾಳಿಯೆಲ್ಲ ನೀರೇ ಆದಾಗ ಎಲೆಯಿಂದ ಆವಿ ಹೋಗುವುದು ನಿಂತೇ ಹೋಗುತ್ತದೆ. ಆಗ ಬೇರು ಇನ್ನೊಂದು ದಾರಿ ಹಿಡಿಯುತ್ತದೆ. ಬೇರಿನ ಕೋಶಗಳು ಮಣ್ಣಿನ ಲವಣಗಳನ್ನು ಶಕ್ತಿ ಖರ್ಚು ಮಾಡಿ ಒಳಗಿನ ಕೊಳವೆಗೆ ತುಂಬುತ್ತವೆ. ಲವಣದ ಹಿಂದೆ ನೀರು ಬರುತ್ತದೆ. ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ನೀರನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತದೆ. ಮುಂಜಾನೆ ಹಿತ್ತಲಿನ ಕೆಸುವಿನ ಎಲೆ ನೋಡಿ. ಎಲೆಯ ಮೊನೆಯಲ್ಲಿ ಒಂದು ಹನಿ ತುಂಬಿ, ಬಿದ್ದು, ಮತ್ತೆ ತುಂಬುತ್ತಿರುತ್ತದೆ. ಅದು ಇಬ್ಬನಿ ಅಲ್ಲ. ಇಬ್ಬನಿಯಾದರೆ ಎಲೆಯ ಮೇಲೆಲ್ಲ ಇರಬೇಕಿತ್ತು. ಇದು ಬೇರು ದೂಡಿ ಕಳಿಸಿದ ನೀರು, ಮೊನೆಯ ರಂಧ್ರದಿಂದ ಹೊರಬೀಳುತ್ತಿರುವುದು. ಪತ್ರೊಡೆಗೆ ಎಲೆ ಕೊಯ್ಯಲು ಹೋದಾಗ ಒಂದು ನಿಮಿಷ ನಿಂತು ನೋಡಿ. ಬೇರು ಎಷ್ಟು ಕೆಲಸ ಮಾಡುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ.

ಎಲೆಯಲ್ಲಿ ತಯಾರಾದ ಸಕ್ಕರೆ ಕಾಯಿಗೆ, ಬೇರಿಗೆ ಇಳಿಯಬೇಕಲ್ಲ? ಅದಕ್ಕೆ ಫ್ಲೋಯಂ ಎಂಬ ಬೇರೆ ಕೊಳವೆ. 1930ರಲ್ಲಿ ಜರ್ಮನಿಯ ಅರ್ನ್ಸ್ಟ್ ಮ್ಯೂಂಕ್ ಇದಕ್ಕೆ ಸರಳ ವಿವರಣೆ ಕೊಟ್ಟರು. ಎಲೆ ಕೊಳವೆಗೆ ಸಕ್ಕರೆ ತುಂಬುತ್ತದೆ. ಸಕ್ಕರೆಯ ಬೆನ್ನಿಗೆ ಪಕ್ಕದ ಕ್ಸೈಲಂನಿಂದ ನೀರು ನುಗ್ಗುತ್ತದೆ. ಅಲ್ಲಿ ಒತ್ತಡ ಹೆಚ್ಚು. ಕಾಯಿ ಇರುವ ಕಡೆ ಸಕ್ಕರೆಯನ್ನು ಇಳಿಸಿಕೊಳ್ಳುತ್ತಿರುತ್ತದೆ, ನೀರೂ ಹೊರಗೆ ಹೋಗುತ್ತದೆ, ಅಲ್ಲಿ ಒತ್ತಡ ಕಡಿಮೆ. ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಪಾಕ ಹರಿಯುತ್ತದೆ, ಗಂಟೆಗೆ ಸುಮಾರು ಅರ್ಧದಿಂದ ಒಂದು ಮೀಟರ್ ವೇಗದಲ್ಲಿ. ಬಗನಿ ಮರದ ಹೊಂಬಾಳೆಯ ತುದಿ ಕೊಯ್ದಾಗ ಸಿಹಿ ರಸ ತೊಟ್ಟಿಕ್ಕುತ್ತದಲ್ಲ, ಅದು ಈ ಕೊಳವೆಯ ಪಾಕವೇ.

ಗೋಡೆ ಇಲ್ಲದ ಕೋಶದ ಪಾಡು

ಪ್ರಾಣಿಗಳ ಕೋಶಕ್ಕೆ ಗಟ್ಟಿ ಗೋಡೆ ಇಲ್ಲ, ಬರೀ ಪೊರೆ. ನಮ್ಮ ಒಂದು ಹನಿ ರಕ್ತವನ್ನು ಬರೀ ನೀರಿಗೆ ಹಾಕಿದರೆ ಕೆಂಪು ರಕ್ತಕಣಗಳು ಉಬ್ಬಿ ಒಡೆದುಹೋಗುತ್ತವೆ. ಗಟ್ಟಿ ಉಪ್ಪುನೀರಿಗೆ ಹಾಕಿದರೆ ಮಿಡಿಯಂತೆ ಮುದುಡುತ್ತವೆ. ಕಾಲಿಗೆ ಹತ್ತಿದ ಉಂಬಳದ ಮೇಲೆ ಉಪ್ಪು ಹಾಕಿದಾಗ ಅದು ಸುರುಟಿ ಬೀಳುವುದರಲ್ಲೂ ಈ ಪಾಲಿದೆ. ಅದರ ತೆಳು ಚರ್ಮದಿಂದ ಉಪ್ಪು ನೀರು ಎಳೆಯುತ್ತದೆ, ಉರಿಯೂ ಆಗುತ್ತದೆ.

ಆಸ್ಪತ್ರೆಯಲ್ಲಿ ‘ಬಾಟ್ಲಿ ಹಾಕಿದರು’ ಎನ್ನುತ್ತೇವಲ್ಲ, ಆ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ. ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ಈ ಅಳತೆಯಲ್ಲಿ ಹೊರಗಿನ ಕಣಗಳ ಲೆಕ್ಕ ರಕ್ತಕಣದೊಳಗಿನ ಲೆಕ್ಕಕ್ಕೆ ಹೊಂದುತ್ತದೆ. ಕಣ ಉಬ್ಬುವುದೂ ಇಲ್ಲ, ಮುದುಡುವುದೂ ಇಲ್ಲ. ಬರೀ ನೀರನ್ನು ನೇರ ರಕ್ತನಾಳಕ್ಕೆ ಕೊಡದೆ ಇರುವುದು ಈ ಕಾರಣಕ್ಕೆ.

ಆದರೆ ಹೊರಗಿನ ಹದ ಸರಿಯಿದ್ದರೂ ಕೋಶಕ್ಕೆ ನೆಮ್ಮದಿ ಇಲ್ಲ. ಅದರೊಳಗೆ ಹೊರಗೆ ಹೋಗಲಾರದ ಪ್ರೋಟೀನುಗಳಿವೆ. ಹೊರಗಿನ ಸೋಡಿಯಂ ಸ್ವಲ್ಪ ಸ್ವಲ್ಪ ಒಳಗೆ ಸೋರುತ್ತಿರುತ್ತದೆ. ಬಿಟ್ಟರೆ ಒಳಗೆ ಕಣ ಹೆಚ್ಚಾಗಿ, ನೀರು ಬಂದು, ಕೋಶ ಉಬ್ಬುತ್ತದೆ. ಹಾಗಾಗಿ ಪೊರೆಯಲ್ಲಿ ಒಂದು ಪಂಪು ಕೂತಿದೆ. ಪ್ರತಿ ಸುತ್ತಿಗೆ 3 ಸೋಡಿಯಂ ಹೊರಗೆ ಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಹಿನ್ನೀರಿನಲ್ಲಿ ಸಣ್ಣ ಸೋರಿಕೆ ಇರುವ ದೋಣಿಯಲ್ಲಿ ಹೋಗುವಾಗ ಒಬ್ಬರು ಡಬ್ಬದಲ್ಲಿ ನೀರು ಎತ್ತಿ ಚೆಲ್ಲುತ್ತಲೇ ಇರುತ್ತಾರಲ್ಲ, ಅಂಥ ಕೆಲಸ. ನಾವು ಸುಮ್ನೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲಿನಷ್ಟು ಈ ಪಂಪಿಗೇ ಹೋಗುತ್ತದೆ. ಇದನ್ನು 1957ರಲ್ಲಿ ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ ನಲವತ್ತು ವರ್ಷಗಳ ನಂತರ, 1997ರಲ್ಲಿ ನೊಬೆಲ್ ಬಂತು.

ಪಂಪು ಎತ್ತುವುದು ಸೋಡಿಯಮ್ಮನ್ನು, ನೀರನ್ನಲ್ಲ ಎಂಬುದನ್ನು ಗಮನಿಸಿ. ನಮ್ಮ ದೇಹದ ಕೋಶಗಳಲ್ಲಿ ನೀರನ್ನೇ ಹೊತ್ತು ಸಾಗಿಸುವ ಇಂಥ ಪಂಪು ಇಲ್ಲ. ಕೋಶ ಉಪ್ಪನ್ನೋ ಸಕ್ಕರೆಯನ್ನೋ ಸಾಗಿಸುತ್ತದೆ, ನೀರು ತಾನಾಗಿ ಬೆನ್ನು ಹತ್ತುತ್ತದೆ. ಬೇರಿನಲ್ಲಿ ನೋಡಿದ್ದೂ ಇದೇ, ಕರುಳಿನಲ್ಲಿ ನೋಡಲಿರುವುದೂ ಇದೇ.

ನೀರಿಗೊಂದು ಬಾಗಿಲು

ಪೊರೆಯನ್ನು ನೀರು ದಾಟುತ್ತದೆ ಎಂದೆ. ಆದರೆ ಎಣ್ಣೆಯಂಥ ಪೊರೆಯಲ್ಲಿ ಆ ದಾಟುವಿಕೆ ನಿಧಾನ. ಕೆಲವು ಕೋಶಗಳಲ್ಲಿ ಮಾತ್ರ ತುಂಬಾ ವೇಗ ಇತ್ತು. ಯಾಕೆಂದು ಬಹಳ ಕಾಲ ಗೊತ್ತಿರಲಿಲ್ಲ. 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ಮತ್ತು ಸಂಗಡಿಗರು ನೀರಿಗೇ ಮೀಸಲಾದ ಬಾಗಿಲನ್ನು ತೋರಿಸಿಕೊಟ್ಟರು. ಅದರ ಹೆಸರು ಅಕ್ವಾಪೋರಿನ್. ನೀರಿನ ಕಣಗಳು ಒಂದರ ಹಿಂದೆ ಒಂದು ಸಾಲಾಗಿ ದಾಟುವಷ್ಟೇ ಸಪೂರ ದಾರಿ. ಒಂದು ಬಾಗಿಲಲ್ಲಿ ಸೆಕೆಂಡಿಗೆ ನೂರಾರು ಕೋಟಿ ಕಣ ಹೋಗಬಲ್ಲವು. ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ದೊರೆಯಿತು.

ಬಿಸಿಲಲ್ಲಿ ದುಡಿದು ನೀರು ಕುಡಿಯದೆ ಇದ್ದಾಗ ಮೂತ್ರ ಗಾಢ ಹಳದಿಯಾಗುವುದು ಈ ಬಾಗಿಲಿನಿಂದ. ಮಿದುಳು ಕಳಿಸಿದ ಹಾರ್ಮೋನು ಕಿಡ್ನಿಯ ಕೊಳವೆಗಳಲ್ಲಿ ಹೆಚ್ಚು ಬಾಗಿಲು ಕೂರಿಸುತ್ತದೆ. ಸುತ್ತಲೂ ಉಪ್ಪು ಹೆಚ್ಚಿರುವುದರಿಂದ ನೀರು ಮೂತ್ರದಿಂದ ದೇಹಕ್ಕೆ ಮರಳುತ್ತದೆ.

ಕರುಳಿನಲ್ಲಿ ಏನಾಗುತ್ತದೆ?

ನಾವು ದಿನಕ್ಕೆ ಕುಡಿಯುವುದು, ತಿನ್ನುವುದರಲ್ಲಿ ಸುಮಾರು 2 ಲೀಟರ್ ನೀರು. ಜೊಲ್ಲು, ಜಠರ, ಪಿತ್ತ, ಕರುಳಿನ ರಸಗಳೆಲ್ಲ ಸೇರಿ ಇನ್ನೂ 7 ಲೀಟರಿನಷ್ಟು ಕರುಳಿಗೆ ಇಳಿಯುತ್ತದೆ. ಇಷ್ಟರಲ್ಲಿ ಮಲದಲ್ಲಿ ಹೋಗುವುದು ಸಾಮಾನ್ಯವಾಗಿ 100ರಿಂದ 200 ಮಿಲಿಲೀಟರ್. ಉಳಿದದ್ದನ್ನೆಲ್ಲ ಕರುಳು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೇಗೆ? ಸೋಡಿಯಂ ಎಳೆದುಕೊಂಡು. ನೀರು ಹಿಂದೆ ಬರುತ್ತದೆ.

ಕಾಲರಾ ಬಂದಾಗ ಈ ಲೆಕ್ಕ ತಿರುಗಿ ಬೀಳುತ್ತದೆ. ಆ ಬ್ಯಾಕ್ಟೀರಿಯಾದ ವಿಷ ಕರುಳಿನ ಕೋಶಗಳ ಕ್ಲೋರೈಡ್ ಬಾಗಿಲನ್ನು ತೆರೆದೇ ಇಡುತ್ತದೆ. ಕ್ಲೋರೈಡ್ ಕರುಳಿನೊಳಗೆ ಸುರಿಯುತ್ತದೆ, ಸೋಡಿಯಂ ಅದರ ಹಿಂದೆ, ನೀರು ಇವೆರಡರ ಹಿಂದೆ. ಉಪ್ಪು ಒಳಬರುವ ಮಾಮೂಲು ದಾರಿಗಳೂ ಕೆಲವು ಮುಚ್ಚುತ್ತವೆ. ಬೇರೆ ಸೋಂಕುಗಳ ಭೇದಿಯಲ್ಲಿ ದಾರಿ ಬೇರೆ ಇರಬಹುದು, ಆದರೆ ಕೊನೆಗೆ ಕರುಳು ಹೀರಬೇಕಾದ ನೀರು ಹೊರಗೆ ಹೋಗುತ್ತದೆ.

ಬರೀ ನೀರು ಕುಡಿಸಿದರೆ ಸಾಲದು. ಉಪ್ಪು ಒಳಗೆ ಹೋಗದೆ ನೀರು ಸರಿಯಾಗಿ ಹೋಗುವುದಿಲ್ಲ, ಹೋದ ಉಪ್ಪೂ ಭರ್ತಿಯಾಗುವುದಿಲ್ಲ. ಆದರೆ ಒಂದು ಬಾಗಿಲು ಕಾಲರಾದಲ್ಲೂ ತೆರೆದೇ ಇರುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುವ ಬಾಗಿಲು ಅದು. 2 ಸೋಡಿಯಂ, 1 ಗ್ಲೂಕೋಸ್. ಒಬ್ಬರೇ ಬಂದರೆ ಪ್ರವೇಶವಿಲ್ಲ. ಜೋಡಿ ಸಾಗಣೆಯ ಈ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದರು. ಉಪ್ಪಿನ ಜೊತೆ ಸ್ವಲ್ಪ ಸಕ್ಕರೆ ಕೊಟ್ಟರೆ ಉಪ್ಪು ಒಳಗೆ ಹೋಗುತ್ತದೆ, ನೀರು ಹಿಂಬಾಲಿಸುತ್ತದೆ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ. ಅದು ಉಪ್ಪಿನ ಪ್ರವೇಶ ಚೀಟಿ.

1971ರಲ್ಲಿ ಬಾಂಗ್ಲಾದೇಶ ವಿಮೋಚನೆಯ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಕುಡಿಸುವಂತೆ ಮಾಡಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರಬೇಕು ಎಂದು ನನಗೆ ಅನಿಸುತ್ತದೆ.

ಸಿಹಿ ಪಾನೀಯ ಯಾಕೆ ಕೈಕೊಟ್ಟಿತು?

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಇರುವುದು ಇಷ್ಟು: ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ ಪುಡಿ. ಇದರಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕಣಗಳ ಸಂಖ್ಯೆ ಸರಿಸಮ. ಎಲ್ಲ ಕಣ ಸೇರಿಸಿದರೆ ಲೆಕ್ಕ 245 (ಲೀಟರಿನಲ್ಲಿ ಎಷ್ಟು ಕಣ ಎಂದು ಹೇಳುವ ಮಿಲಿಆಸ್ಮೋಲ್ ಎಂಬ ಅಳತೆಯಲ್ಲಿ). ರಕ್ತದ ಲೆಕ್ಕ ಸುಮಾರು 290. ಅಂದರೆ ಓಆರ್‌ಎಸ್ ರಕ್ತಕ್ಕಿಂತ ಸ್ವಲ್ಪ ತೆಳು. ಕರುಳಲ್ಲಿ ಕಣ ಕಡಿಮೆ, ರಕ್ತದಲ್ಲಿ ಹೆಚ್ಚು. ನೀರು ರಕ್ತದ ಕಡೆಗೇ ಹೋಗುತ್ತದೆ. 2002ಕ್ಕೆ ಮೊದಲಿನ ಪುಡಿಯ ಲೆಕ್ಕ 311 ಇತ್ತು. ಅದನ್ನು ತೆಳು ಮಾಡಿದ ಮೇಲೆ ಭೇದಿಯ ಪ್ರಮಾಣ, ವಾಂತಿ ಎರಡೂ ಕಡಿಮೆಯಾದವು.

ಈಗ ಕೋಲಾದಂಥ ಸಿಹಿ ಪಾನೀಯ ನೋಡಿ. ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ. ಉಪ್ಪು ಹೆಸರಿಗಷ್ಟೇ. ಕಣಗಳ ಲೆಕ್ಕ ರಕ್ತದ್ದಕ್ಕಿಂತ ಬಹಳ ಮೇಲೆ. ಇದು ಕರುಳಿಗೆ ಇಳಿದರೆ ಏನಾಗುತ್ತದೆ? ಒಳಗೆ ಹೋಗಲು ಜೊತೆಗೆ ಬೇಕಾದ ಸೋಡಿಯಂ ಇಲ್ಲ. ಸಕ್ಕರೆ ಕರುಳಲ್ಲೇ ಉಳಿದು ರಕ್ತದ ಕಡೆಯಿಂದ ನೀರನ್ನು ತನ್ನತ್ತ ಸೆಳೆಯುತ್ತದೆ. ಮಗುವಿನ ಕರುಳು ಮಿಡಿ ಜಾಡಿ ಆಗುತ್ತದೆ. ಭೇದಿಯಾದ ಮಗು ನೀರು ಕುಡಿಯುತ್ತಲೇ ನೀರು ಕಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಆ ದಿನ ಆದದ್ದು ಇದೇ ಎಂದು ನರ್ಸ್ ನನಗೆ ಬಿಡಿಸಿ ಹೇಳಿದರು. ಕೈಯಲ್ಲಿ ಉಪ್ಪಿನ ಜಾಡಿ ಹಿಡಿದುಕೊಂಡೇ ಕೇಳುತ್ತಿದ್ದೆ.

ಗಂಜಿ ತಿಳಿ ಮಾಡುವ ಕೆಲಸ

ಭೇದಿಯಾದಾಗ ಉಪ್ಪು ಹಾಕಿದ ಗಂಜಿ ತಿಳಿ ಕುಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಸರದ ಮಾತು ನೆನಪಿದೆಯಲ್ಲ? ಗಂಜಿಯ ಪಿಷ್ಟದಲ್ಲಿ ಗ್ಲೂಕೋಸ್ ಬೇಕಾದಷ್ಟಿದೆ, ಆದರೆ ಸರಗಳಾಗಿ. ಎಣಿಕೆಗೆ ಕಣ ಕಡಿಮೆ, ಹಾಗಾಗಿ ನೀರನ್ನು ಕರುಳಿಗೆ ಸೆಳೆಯುವುದಿಲ್ಲ. ಕರುಳಿನ ಗೋಡೆಯ ಹತ್ತಿರ ಸರ ಬಿಚ್ಚಿ ಒಂದೊಂದೇ ಮಣಿ ಹೊರಬಂದಂತೆ ಅದು ಸೋಡಿಯಂ ಜೊತೆ ಬಾಗಿಲು ದಾಟುತ್ತದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಗ್ಲೂಕೋಸಿನದ್ದಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಬಲ್ಲದು ಎಂದು ಪರೀಕ್ಷೆಗಳು ತೋರಿಸಿವೆ.

ಪ್ಯಾಕೆಟ್ ಸಿಗದ ಹೊತ್ತಿಗೆ ಮನೆಯಲ್ಲೇ ಮಾಡಲು ಹೇಳುವ ಅಳತೆ ಇದು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗೋಪುರವಾಗಿ ತುಂಬಬಾರದು, ಬೆರಳಲ್ಲಿ ಸವರಿ ಮಟ್ಟ ಮಾಡಬೇಕು.

ಪ್ಯಾಕೆಟ್ ಇದ್ದರೆ ಅದರ ಮೇಲೆ ಬರೆದಷ್ಟು ನೀರಿಗೆ ಪೂರ್ತಿ ಪುಡಿ ಹಾಕಬೇಕು. 20.5 ಗ್ರಾಂನದ್ದಾದರೆ ಸರಿಯಾಗಿ 1 ಲೀಟರ್. ಎಷ್ಟೋ ಮನೆಗಳಲ್ಲಿ ಒಂದು ಲೋಟ ನೀರಿಗೆ ಅರ್ಧ ಪ್ಯಾಕೆಟ್ ಸುರಿದು, ಉಳಿದದ್ದನ್ನು ಮಡಚಿ ಡಬ್ಬಿಗೆ ಹಾಕುವುದನ್ನು ನೋಡಿದ್ದೇನೆ. ಆ ಲೋಟದ ಕಣಗಳ ಲೆಕ್ಕ ರಕ್ತದ್ದನ್ನೂ ದಾಟಿಹೋಗುತ್ತದೆ. ಔಷಧಿಯೇ ಉಪ್ಪಿನ ಜಾಡಿ ಆಗುತ್ತದೆ. ರುಚಿಗೆಂದು ಮತ್ತೆ ಸಕ್ಕರೆ ಸೇರಿಸುವುದೂ ಬೇಡ, ಸರಿಯಾದ ಓಆರ್‌ಎಸ್ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿಬಿಡಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ನಿಧಾನಕ್ಕೆ ಶುರು ಮಾಡಿ. ಎದೆಹಾಲು ಕುಡಿಯುವ ಕೂಸಾದರೆ ಅದನ್ನು ನಿಲ್ಲಿಸಬೇಡಿ. ಮಗು ಮಂಕಾಗಿ ಕುಡಿಯಲೂ ಆಗದೆ ಇದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಲೋಟ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಾ ಹೋಗಿ.